‘ಮೆದುಳು ಜ್ವರ’ವೋ ‘ಸನ್ನಿ’ಯೋ?

ಬಲ್ಲವರು ದಾರಿ ತೋರಿಸಬೇಕು.

ಪುಣೆಯ ಹಿಂಜವಡಿ ಕಡೆ ಕಟ್ಟಡ ಕೆಲಸಕ್ಕೆ ಬಂದಿರುವ ಕಲಬುರಗಿ, ಯಾದಗಿರಿಯವರಿಗಾಗಿ ಸೊಳ್ಳೆ ರೋಗಗಳ ಮರಾಠಿ ಕರಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜಪಾನೀಸ್ ಎನ್ಸೆಫಲೈಟಿಸ್‌ಗೆ ಮರಾಠಿಯಲ್ಲಿ ‘ಮೇಂದೂಜ್ವರ’ ಎಂದಿದೆ. ನಮ್ಮ ಪತ್ರಿಕೆಗಳೂ ‘ಮೆದುಳು ಜ್ವರ’ ಎಂದೇ ಬರೆಯುತ್ತವೆ. ಹಾಗೇ ಇಟ್ಟುಬಿಡಲು ನನಗೆ ಮನಸ್ಸಿಲ್ಲ. ಮೆನಿಂಜೈಟಿಸ್‌ಗೂ ಜನ ಅದೇ ಹೆಸರು ಹೇಳುತ್ತಾರೆ. ಅದು ಮೆದುಳಿನ ಪೊರೆಯ ಕಾಯಿಲೆ, ಬೇರೆಯೇ.

ಇನ್ನೊಂದು ತಕರಾರು: ಇಲ್ಲಿ ಕೇಡು ಮಾಡುವುದು ಜ್ವರವಲ್ಲ, ಊತ. ಗದ್ದೆಯ ನಿಂತ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಹಂದಿಯಿಂದಲೋ ಬೆಳ್ಳಕ್ಕಿಯಂಥ ನೀರಹಕ್ಕಿಯಿಂದಲೋ ವೈರಸ್ ಹೊತ್ತು ತಂದು ಮನುಷ್ಯನನ್ನು ಕಚ್ಚುತ್ತದೆ. ಸೋಂಕು ತಗುಲಿದ 250 ಜನರಲ್ಲಿ ಸುಮಾರು ಒಬ್ಬರಿಗೆ ಅದು ಉಗ್ರವಾಗುತ್ತದೆ: ವೈರಸ್ ರಕ್ತದಿಂದ ಮೆದುಳಿಗೆ ದಾಟಿ ನರಕೋಶಗಳನ್ನು ಕೊಲ್ಲುತ್ತದೆ, ಮೆದುಳು ಬಾತುಕೊಳ್ಳುತ್ತದೆ. ಕಾಲು ಬಾತರೆ ಚರ್ಮ ಹಿಗ್ಗಿ ಜಾಗ ಕೊಡುತ್ತದೆ, ತಲೆಬುರುಡೆ ಕೊಡುವುದಿಲ್ಲ. ವಾಂತಿ, ಫಿಟ್ಸ್, ಎಚ್ಚರ ತಪ್ಪುವುದು ಆಮೇಲೆ ಬರುತ್ತವೆ. ಬದುಕಿ ಉಳಿದವರಲ್ಲೂ ಕೆಲವರ ಕೈಕಾಲು, ಮಾತು ಮೊದಲಿನಂತಾಗುವುದಿಲ್ಲ.

ಉರಿ, ಊತ ಎರಡನ್ನೂ ಹೊತ್ತ ‘ಉರಿಯೂತ’ ನನಗೆ ಪ್ರಿಯವಾದ ಪದ. ಆದರೆ ‘ಮೆದುಳಿನ ಉರಿಯೂತ’ ಎಂದು ಓದಿ ತೋರಿಸಿದಾಗ ಮೇಸ್ತ್ರಿಯೊಬ್ಬರು “ತೆಲಿ ಉರೀತದೇನ್ರಿ?” ಎಂದರು. ಪಕ್ಕದಲ್ಲಿದ್ದ ಅವರ ತಾಯಿ, “ಸನ್ನಿ ಅಂತ ಬರೀರಿ, ಎಲ್ಲಾರಿಗೂ ತಿಳೀತದ” ಎಂದುಬಿಟ್ಟರು.

ಸನ್ನಿ! ಮೂಲ ಆಯುರ್ವೇದದ ಸನ್ನಿಪಾತ, ಮೂರೂ ದೋಷ ಒಟ್ಟಿಗೆ ಕೆರಳಿದ ಜ್ವರ. ಟೈಫಾಯ್ಡ್‌ನಲ್ಲಿ ಬಡಬಡಿಸಿದರೂ ಸನ್ನಿಯೇ, ಹೀಗಾಗಿ ಅದು ರೋಗದ ಹೆಸರಾಗಲಾರದು. ಹುಚ್ಚು ಹಂಬಲಕ್ಕೂ ‘ಸನ್ನಿ ಹಿಡಿದಿದೆ’ ಎನ್ನುತ್ತೇವಲ್ಲ. ಆದರೂ ಆ ಅಜ್ಜಿಯ ಮಾತಲ್ಲಿ ಒಂದು ಗುಣವಿದೆ: ಮಗು ಬಡಬಡಿಸತೊಡಗಿದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಓಡಬೇಕೆಂಬ ಎಚ್ಚರ ‘ಉರಿಯೂತ’ದಲ್ಲಿ ಇಲ್ಲ.

(ಈ ರೋಗ ತಡೆಯುವ ಜೆನ್‌ವ್ಯಾಕ್ ಲಸಿಕೆಯ ವೈರಸ್ ತಳಿ ಸಿಕ್ಕಿದ್ದು ನಮ್ಮ ಕೋಲಾರದಲ್ಲಿ, ಅದನ್ನು ಒದಗಿಸಿದ್ದು ಇದೇ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. ಕರಪತ್ರದಲ್ಲಿ ಇದಕ್ಕೆ ಜಾಗ ಸಿಗಲಿಲ್ಲ, ಹೇಳದೆ ಇರಲೂ ಆಗಲಿಲ್ಲ.)

ಸದ್ಯಕ್ಕೆ ಶೀರ್ಷಿಕೆಯಲ್ಲಿ ‘ಮೆದುಳು ಜ್ವರ’ವನ್ನೇ ಬಿಟ್ಟಿದ್ದೇನೆ, ಲಸಿಕೆಯನ್ನು ಜನ ಆ ಹೆಸರಲ್ಲೇ ಕೇಳುತ್ತಾರೆ. ಲಕ್ಷಣಗಳ ಸಾಲಿನಲ್ಲಿ ‘ಸನ್ನಿ’ ಹಾಕಲೇ? ಕಲಬುರಗಿ ಸೀಮೆಯಲ್ಲಿ ಸನ್ನಿ ಎಂದರೆ ಬಡಬಡಿಕೆ ಮಾತ್ರವೋ, ಫಿಟ್ಸೂ ಸೇರುತ್ತದೋ? ಆ ಕಡೆಯವರು ತಿಳಿಸಿ.