ಕೋನಾರ್ಧಕವು ಎದುರಿನ ಬಾಹುವನ್ನು ಏಕೆ ಸಮನಾಗಿ ಭಾಗಿಸುವುದಿಲ್ಲ?

ಪ್ರಶ್ನೆ:
ಎಬಿ 6, ಎಸಿ 9, ಬಿಸಿ 10 ಸೆಂ.ಮೀ. ಇರುವ ತ್ರಿಭುಜದಲ್ಲಿ ಎ ಕೋನದ ಅರ್ಧಕವನ್ನು ಕೈವಾರದಿಂದ ರಚಿಸಿದೆ. ಅದು ಬಿಸಿ ಬಾಹುವನ್ನು ಎನ್ ಬಿಂದುವಿನಲ್ಲಿ ಸಂಧಿಸಿತು. ಕೋನವು ಸಮಪಾಲಾದ ಮೇಲೆ ಎದುರಿನ ಬಾಹುವೂ ಸಮಪಾಲಾಗಬೇಕೆಂದು ಎಣಿಸಿದ್ದೆ. ಆದರೆ ಬಿಎನ್ ಸುಮಾರು 4, ಎನ್‌ಸಿ ಸುಮಾರು 6 ಸೆಂ.ಮೀ. ಬರುತ್ತಿದೆ. ಮತ್ತೆ ರಚಿಸಿದರೂ ಇದೇ ಅಳತೆ. ತಪ್ಪಿರುವುದು ರಚನೆಯಲ್ಲೋ, ನನ್ನ ಎಣಿಕೆಯಲ್ಲೋ?

ಉತ್ತರ 1:
ರಚನೆ ಸರಿಯಾಗಿದೆ. ಬಾಹುವನ್ನು ಸಮಭಾಗ ಮಾಡುವುದು ಮಧ್ಯರೇಖೆಯ ಕೆಲಸ; ಎಬಿ ಮತ್ತು ಎಸಿ ಸಮವಾಗಿದ್ದಾಗ ಮಾತ್ರ ಎ ಶೃಂಗದಿಂದ ಹೊರಡುವ ಮಧ್ಯರೇಖೆಯೂ ಕೋನಾರ್ಧಕವೂ ಒಂದೇ ಆಗುತ್ತವೆ. ಕೋನಾರ್ಧಕದ ಮೇಲಿನ ಯಾವುದೇ ಬಿಂದುವಿನಿಂದ ಕೋನದ ಎರಡು ಭುಜಗಳಿಗೆ ಎಳೆದ ಲಂಬಗಳು ಸಮ ಎಂಬುದೇ ಅದರ ಮೂಲಗುಣ. ಎನ್ ಕೂಡ ಅಂಥ ಬಿಂದುವಾದ್ದರಿಂದ, ಎಬಿ ಮತ್ತು ಎಸಿಗಳನ್ನು ಪಾದಗಳೆಂದು ತೆಗೆದುಕೊಂಡರೆ ಎಬಿಎನ್ ಮತ್ತು ಎಸಿಎನ್ ತ್ರಿಭುಜಗಳ ಎತ್ತರ ಒಂದೇ ಆಗಿ, ಅವುಗಳ ವಿಸ್ತೀರ್ಣಗಳ ಅನುಪಾತ 6:9, ಅಂದರೆ 2:3 ಆಗುತ್ತದೆ. ಈಗ ಅವೇ ತ್ರಿಭುಜಗಳನ್ನು ಬಿಎನ್ ಮತ್ತು ಎನ್‌ಸಿ ಪಾದಗಳ ಮೇಲೆ ನಿಂತಿರುವಂತೆ ನೋಡಿ: ಎ ಶೃಂಗದಿಂದ ಬರುವ ಎತ್ತರ ಎರಡಕ್ಕೂ ಒಂದೇ, ಹಾಗಾಗಿ ವಿಸ್ತೀರ್ಣಗಳ ಅನುಪಾತವು ಬಿಎನ್:ಎನ್‌ಸಿ. ಆದ್ದರಿಂದ ಬಿಎನ್:ಎನ್‌ಸಿ = 2:3; 10 ಸೆಂ.ಮೀ. ಒಡೆಯುವುದು 4 ಮತ್ತು 6 ಆಗಿಯೇ.

ಉತ್ತರ 2:
ಯೂಕ್ಲಿಡ್ ಇದನ್ನು ವಿಸ್ತೀರ್ಣದಿಂದಲ್ಲ, ಅರ್ಧಕಕ್ಕೆ ಸಿ ಬಿಂದುವಿನಿಂದ ಸಮಾಂತರ ರೇಖೆ ಎಳೆದು ಸಾಧಿಸುತ್ತಾನೆ. ವಿಸ್ತೀರ್ಣದ ದಾರಿಯೇ ನನಗೆ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅದರಲ್ಲಿ ಹೊಸ ರೇಖೆಗಳ ಗೋಜು ಕಡಿಮೆ. ಎ ಶೃಂಗದ ಬಾಹ್ಯಕೋನದ ಅರ್ಧಕವೂ ಇದೇ ಅನುಪಾತವನ್ನು ಪಾಲಿಸುತ್ತದೆ ಎಂಬುದನ್ನು ಸೇರಿಸಬೇಕು. ಅದು ಬಿಸಿ ರೇಖೆಯನ್ನು ಬಿ ಕಡೆಗೆ ವೃದ್ಧಿಸಿದಾಗ ಬಿ ಬಿಂದುವಿನಿಂದ 20, ಸಿ ಬಿಂದುವಿನಿಂದ 30 ಸೆಂ.ಮೀ. ದೂರದಲ್ಲಿ ಸಂಧಿಸುತ್ತದೆ, 20:30 ಎಂದರೆ ಮತ್ತೆ 2:3. ಎಬಿ ಮತ್ತು ಎಸಿ ಸಮವಾಗಿದ್ದರೆ ಮಾತ್ರ ಅದು ಬಿಸಿಗೆ ಸಮಾಂತರವಾಗುವುದರಿಂದ ಎಲ್ಲಿಯೂ ಸಂಧಿಸದು.

ಪ್ರಶ್ನಿಸಿದವರು:
ನನ್ನ ಎಣಿಕೆಯೇ ತಪ್ಪು ಎಂಬುದು ಸ್ಪಷ್ಟವಾಯಿತು. ಎಎನ್ ಉದ್ದವನ್ನು ಅಳೆಯದೆ ಕಂಡುಹಿಡಿಯಬಹುದೇ?

ಉತ್ತರ 1:
ಆಗುತ್ತದೆ. ಎಎನ್ ಉದ್ದದ ವರ್ಗವು ಎಬಿ, ಎಸಿಗಳ ಗುಣಲಬ್ಧದಿಂದ ಬಿಎನ್, ಎನ್‌ಸಿಗಳ ಗುಣಲಬ್ಧವನ್ನು ಕಳೆದಷ್ಟು: 54 − 24 = 30. ವರ್ಗಮೂಲ ಸುಮಾರು 5.48. ನಿಮ್ಮ ಚಿತ್ರದಲ್ಲಿ ಎಷ್ಟಿದೆ?

ಪ್ರಶ್ನಿಸಿದವರು:
ಅಳತೆಪಟ್ಟಿಯಲ್ಲಿ 5.5 ಸೆಂ.ಮೀ.