ಹೊರಗೋಡೆಯ ಗಾರೆಯ ಮೊದಲ ಕೋಟ್ ಬಿರುಕು ಬಿಟ್ಟಿದೆ, ತಟ್ಟಿದರೆ ಟೊಳ್ಳು ಸದ್ದು

ಅರೆಗೋಡೆ:
ಮೊದಲ ಕೋಟ್ ಹಾಕಿ ಹನ್ನೊಂದು ದಿನವಾಯಿತು. ಪಶ್ಚಿಮದ ಗೋಡೆಯ ತುಂಬ ಜೇಡರ ಬಲೆಯಂತೆ ಬಿರುಕು. ಬೆರಳ ಗೆಣ್ಣಿನಿಂದ ತಟ್ಟಿದರೆ ಖಾಲಿ ಡಬ್ಬಿಯ ಸದ್ದು. ಒಳ್ಳೆಯ ಸಿಮೆಂಟ್, ಗಟ್ಟಿ ಮಿಶ್ರಣ, ದಿನಕ್ಕೆರಡು ಸಲ ನೀರು. ಯಾವುದಕ್ಕೂ ಕಡಿಮೆ ಮಾಡಿಲ್ಲ. ಎರಡನೆಯ ಕೋಟ್ ಹಾಕಿದರೆ ಮುಚ್ಚಿಹೋಗುತ್ತದೆಯೇ? ‘ಎಲ್ಲವನ್ನೂ ಕಿತ್ತುಹಾಕಿ’ ಎನ್ನುವವರು ದಯವಿಟ್ಟು ಬರೆಯಬೇಡಿ.

ಮರಳುಗಣ್ಣು:
ಮರಳು. ನೋಡದೆಯೇ ಹೇಳುತ್ತೇನೆ. ಗಾಜಿನ ಬಾಟಲಿಗೆ ಅರ್ಧ ಮರಳು, ಮೇಲೆ ಉಪ್ಪುನೀರು ಹಾಕಿ ಕುಲುಕಿ, ಮೂರು ಗಂಟೆ ಅಲುಗಿಸದೆ ಇಡಿ. ಮೇಲೆ ಕೂತ ಹೂಳು ಶೇಕಡಾ 8ನ್ನು ಮೀರಿದರೆ ಮಾತು ಮುಗಿಯಿತು.

ತೂಗುಗುಂಡು:
ಗೋಡೆ ಯಾವುದರದು? ಗಾರೆಯ ದಪ್ಪ ಎಷ್ಟು?

ಅರೆಗೋಡೆ:
ಬ್ಲಾಕ್ ಗೋಡೆ, ಎಲ್ಲರ ಮನೆಯಂತೆ. ದಪ್ಪವೂ ಎಲ್ಲರೂ ಹಾಕುವಷ್ಟೇ. ಮರಳು ತೊಳೆದದ್ದು.

ಮರಳುಗಣ್ಣು:
ತೊಳೆದದ್ದೆಂದು ಮಾರುವವರೆಲ್ಲ ಹೇಳುತ್ತಾರೆ. ಬಾಟಲಿ ಏನು ಹೇಳಿತು?

ಸುಣ್ಣಪ್ರಿಯ:
ಮಿಶ್ರಣಕ್ಕೆ ಒಂದಿಷ್ಟು ಸುಣ್ಣ ಬಿದ್ದಿದ್ದರೆ ಈ ಗೋಳೇ ಇರುತ್ತಿರಲಿಲ್ಲ.

ಯಂತ್ರಗಾರೆ:
ಸುಣ್ಣ ನೆನೆಹಾಕಿಕೊಂಡು ಕೂರಲು ಯಾರಿಗೆ ಪುರುಸೊತ್ತು? ಸಿಂಪಡಿಸುವ ಯಂತ್ರ ಕೊಂಡ ಮೇಲೆ ನಾನು ಕರಣೆಯಿಂದ ಗಾರೆ ಎರಚಿಲ್ಲ. ಜೊತೆಗೆ ಮೂರು ಮೀಟರಿನ ಅಲ್ಯೂಮಿನಿಯಂ ಪಟ್ಟಿ, ಹಸಿರು ಲೇಸರ್. ಚಿತ್ರ ನಾಳೆ ಹಾಕುತ್ತೇನೆ.

ಸುಣ್ಣಪ್ರಿಯ:
ನಿಮ್ಮ ಯಂತ್ರದ ಗಾರೆ ನಾಲ್ಕು ಮಳೆಗಾಲ ಕಾಣಲಿ, ಆಮೇಲೆ ಮಾತನಾಡೋಣ.

ತೂಗುಗುಂಡು:
ಆ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಅರೆಗೋಡೆಯವರೇ, ಟೊಳ್ಳು ಇರುವಲ್ಲಿ ಒಂದು ಚೂರು ಎಬ್ಬಿಸಿ ಅಳೆಯಿರಿ. ಅದರ ಹಿಂಬದಿ ಹೇಗಿದೆ ಹೇಳಿ.

ಅರೆಗೋಡೆ:
ಅಂಗೈಯಗಲದ ಹೆಕ್ಕಳೆ ಎದ್ದಿತು, ಉಳಿಯೇ ಬೇಕಾಗಲಿಲ್ಲ. 34 ಮಿಲಿಮೀಟರ್ ಇದೆ. ಗೋಡೆ ನೆಟ್ಟಗಿರಲಿಲ್ಲ, ಹಾಗಾಗಿ ಒಂದೇ ಬಾರಿಗೆ ತುಂಬಿದೆವು. ಹಿಂಬದಿ ನುಣುಪು, ಸವರಿದರೆ ಬೆರಳಿಗೆ ಬೂದು ಪುಡಿ. ಬ್ಲಾಕ್ ಎಂದರೆ ಎಎಸಿ, ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್. ಮಿಶ್ರಣ 1:3, ಅಂದರೆ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು.

ತೂಗುಗುಂಡು:
ಇದನ್ನು ಮೊದಲೇ ಹೇಳಬಾರದಿತ್ತೇ? ಆ ಪುಡಿ ಬ್ಲಾಕಿನ ಧೂಳು. ನಿಮ್ಮ ಗಾರೆ ಇಷ್ಟು ದಿನ ಧೂಳಿಗೆ ಅಂಟಿಕೊಂಡು ನಿಂತಿತ್ತು. ಒಂದು ಸಲಕ್ಕೆ 12ರಿಂದ 15 ಮಿಲಿಮೀಟರ್ ಸಾಕು. ಮೀರಿದರೆ ತನ್ನ ಭಾರಕ್ಕೇ ಜಗ್ಗುತ್ತದೆ, ಹೊರಮೈ ಬಿಸಿಲಿಗೆ ಮೊದಲು ಒಣಗಿ ಸೀಳುತ್ತದೆ. ಸಾಲದ್ದಕ್ಕೆ 1:3! ಸಿಮೆಂಟ್ ಹೆಚ್ಚಿದಷ್ಟೂ ಕುಗ್ಗುವುದು ಹೆಚ್ಚು. ಮೆತ್ತಗಿನ ಬ್ಲಾಕಿನ ಮೇಲೆ ಅಷ್ಟು ಗಡಸು ಗಾರೆ ತಾನು ಕುಗ್ಗುವಾಗ ಬ್ಲಾಕನ್ನೇ ಬಿಟ್ಟು ಏಳುತ್ತದೆ.

ಎಲ್ಲವನ್ನೂ ಕೀಳಬೇಕಿಲ್ಲ. ತಟ್ಟುತ್ತಾ ಹೋಗಿ ಟೊಳ್ಳು ಜಾಗಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಅಷ್ಟನ್ನು ಕತ್ತರಿಸಿ ತೆಗೆಯಿರಿ. ಧೂಳು ಗುಡಿಸಿ, ನೀರು ಚಿಮುಕಿಸಿ. ಬ್ಲಾಕ್ ತೊಯ್ದು ತೊಪ್ಪೆಯಾಗಬಾರದು. 1:6ರಲ್ಲಿ ತೆಳುವಾಗಿ ಹಾಕಿ, ಹಸಿಯಿರುವಾಗಲೇ ಮೈಮೇಲೆ ಗೀರಿ. ಅದು ಗಟ್ಟಿಯಾಗಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಮುಂದಿನ ಪದರ. ಕಾಂಕ್ರೀಟ್ ಕಂಬ ಬ್ಲಾಕಿಗೆ ಸೇರುವಲ್ಲಿ ಜಾಲರಿ ಹೊಡೆಯಿರಿ.

ಮರಳುಗಣ್ಣು:
ಧೂಳು ಎಂದಿರಲ್ಲ, ಮರಳಿನಲ್ಲೂ ಧೂಳಿರುತ್ತದೆ.

ಅರೆಗೋಡೆ:
ಬಾಟಲಿಯನ್ನೂ ಇಟ್ಟೆ ಸರ್, ಹೂಳು ಕೂದಲೆಳೆಯಷ್ಟೇ ಇದೆ. ಈಗಿನ ಚಿಂತೆ ಬೇರೆ. ಉತ್ತರದ ಗೋಡೆಗೂ ಇದೇ ಮಿಶ್ರಣ, ಅಲ್ಲಿ ಎರಡನೆಯ ಕೋಟೂ ಮುಗಿದಿದೆ. ತಟ್ಟಿ ನೋಡಲು ಕೈ ಬರುತ್ತಿಲ್ಲ. ಮೇಲಿನ ಕೋಟ್ ಉಳಿಸಿಕೊಳ್ಳುವ ದಾರಿ ಏನಾದರೂ ಇದೆಯೇ?

ಯಂತ್ರಗಾರೆ:
ಚಿತ್ರ ಹಾಕಿದ್ದೇನೆ, ನೋಡಿ. ಎಡಗಡೆ ಇರುವುದು ಹೊಸ ಯಂತ್ರ.