‘ಹೆರಿಟಬಿಲಿಟಿ’ಗೆ ಆನುವಂಶಿಕತೆ ಸರಿಯೇ? ಎಚ್‌ಐವಿ ಬರಹಕ್ಕೆ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಎಚ್‌ಐವಿ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ಸೋಂಕು ತಗುಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ವಿಪರೀತ ಏರುತ್ತದೆ. ಆಮೇಲೆ ಇಳಿದು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಮಾತ್ರೆ ಶುರು ಮಾಡದಿದ್ದರೆ ವರ್ಷಗಟ್ಟಲೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಈ ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಒಬ್ಬರಲ್ಲಿ ಮಿಲಿಲೀಟರಿಗೆ ಕೆಲವು ನೂರು ಇದ್ದರೆ ಇನ್ನೊಬ್ಬರಲ್ಲಿ ಲಕ್ಷ ದಾಟುತ್ತದೆ. ಜಾಸ್ತಿ ಇದ್ದವರಿಗೆ ಏಡ್ಸ್ ಬೇಗ ಬರುತ್ತದೆ. ಜನರ ನಡುವಿನ ಈ ವ್ಯತ್ಯಾಸದಲ್ಲಿ ವೈರಸ್‌ನ ವಂಶವಾಹಿಗಳ ಪಾಲು ಎಷ್ಟು? ಅದನ್ನು ಅಳೆಯುವ ಅಂಕಿಗೆ ಹೆರಿಟಬಿಲಿಟಿ ಎನ್ನುತ್ತಾರೆ.

ರೂಢಿಯ ಪದ ‘ಆನುವಂಶಿಕತೆ’. ಆದರೆ ಅದನ್ನು ಕೇಳಿದ ಕೂಡಲೇ ನಮಗೆ ಹೊಳೆಯುವುದು ಅಪ್ಪ ಅಮ್ಮನಿಂದ ಮಕ್ಕಳಿಗೆ ಬಂದದ್ದು, ಅಲ್ವಾ? ‘ಎಚ್‌ಐವಿ ತೀವ್ರತೆಯ ಆನುವಂಶಿಕತೆ’ ಎಂದು ಅಚ್ಚಾದರೆ ಇದು ವಂಶದಲ್ಲಿ ಹರಿಯುವ ಕಾಯಿಲೆ ಎಂದೇ ಓದುತ್ತಾರೆ. ಸೋಂಕಿತರ ಮನೆಯವರು ಊರವರ ಬಾಯಿಗೆ ಬಿದ್ದು ಪಟ್ಟ ಪಾಡು ಸಾಕು. ನಮ್ಮ ಒಂದು ಪದ ಅದಕ್ಕೆ ಇನ್ನಷ್ಟು ಸೇರಿಸಬಾರದು.

ಇಲ್ಲಿ ಗುಣ ದಾಟುವುದು ಸೋಂಕು ಕೊಟ್ಟವರಿಂದ ಪಡೆದವರಿಗೆ. ಸಿಡ್ನಿಯ ಪ್ರಕರಣ ನೋಡಿ. 1980ರ ದಶಕದ ಮೊದಲಲ್ಲಿ ಅಲ್ಲಿ ಒಬ್ಬ ದಾನಿಯ ರಕ್ತದಿಂದ ಹಲವರಿಗೆ ಎಚ್‌ಐವಿ ತಗುಲಿತು. ಅವರಲ್ಲಿ ಹೆಚ್ಚಿನವರು ಎಷ್ಟೋ ವರ್ಷ ಕಾಯಿಲೆ ಬೀಳಲೇ ಇಲ್ಲ. ಕಾರಣ, ಆ ವೈರಸ್‌ನಲ್ಲಿ ‘ನೆಫ್’ ಎಂಬ ವಂಶವಾಹಿಯ ತುಂಡೊಂದು ಬಿಟ್ಟುಹೋಗಿತ್ತು. ದಾನಿಯಲ್ಲಿದ್ದ ಅದೇ ಸೌಮ್ಯ ವೈರಸ್ ಅವರಿಗೂ ದಾಟಿತ್ತು. ಇದಕ್ಕೆ ತದ್ವಿರುದ್ಧವಾದದ್ದು 2022ರಲ್ಲಿ ನೆದರ್ಲೆಂಡ್ಸ್‌ನಿಂದ ವರದಿಯಾದ ತಳಿ: ವೈರಲ್ ಲೋಡ್ ಮೂರೂವರೆಯಿಂದ ಐದೂವರೆ ಪಟ್ಟು ಹೆಚ್ಚು, ಎಚ್‌ಐವಿ ನಾಶಮಾಡುವ ರೋಗನಿರೋಧಕ ಕಣಗಳಾದ ಸಿಡಿ4 ಕಣಗಳ ಇಳಿಕೆ ಎರಡು ಪಟ್ಟು ವೇಗ. ಪುಣ್ಯಕ್ಕೆ ಮಾತ್ರೆಗಳು ಅದಕ್ಕೂ ನಾಟುತ್ತವೆ.

ಈ ಹೆರಿಟಬಿಲಿಟಿಯ ಅಂದಾಜುಗಳು ಶೇ 6ರಿಂದ ಶೇ 59ರವರೆಗೆ ಹರಡಿದ್ದವು. 2017ರಲ್ಲಿ ಯುರೋಪಿನ ದೊಡ್ಡ ಅಧ್ಯಯನವೊಂದು ಸುಮಾರು ಮೂರನೇ ಒಂದು ಪಾಲು ಎಂದಿತು. ಇಲ್ಲೂ ಮಾತು ಜಾರುತ್ತದೆ. ಒಬ್ಬ ರೋಗಿಯ ವೈರಲ್ ಲೋಡ್‌ನ ಮೂರನೇ ಒಂದು ಪಾಲು ಎಂದಲ್ಲ, ಎಲ್ಲರ ನಡುವಿನ ಏರುಪೇರಿನಲ್ಲಿ ಮೂರನೇ ಒಂದು ಪಾಲು.

ನಾನು ‘ವೈರಸ್ ತಳಿಯ ಪಾಲು’ ಎಂದು ಬರೆಯೋಣ ಅಂದುಕೊಂಡಿದ್ದೇನೆ. ಕೋವಿಡ್ ಕಾಲದಲ್ಲಿ ‘ತಳಿ’ ಪತ್ರಿಕೆಗಳಲ್ಲಿ ಪಳಗಿದ ಪದ, ಯಾರಿಗೂ ಕಷ್ಟವಾಗದು. ‘ಪಾಲು’ ಎಂದರೆ ಅಳತೆ ಎಂಬುದೂ ತಿಳಿಯುತ್ತದೆ. ‘ಅನುವಂಶೀಯತೆ’ ಎಂದು ಕಾಗುಣಿತ ಬದಲಿಸಿದರೆ ತೊಡಕು ಹಾಗೇ ಉಳಿಯುತ್ತದೆ.

ಬಳಗದಲ್ಲಿ ಕೃಷಿ ವಿಶ್ವವಿದ್ಯಾಲಯದವರು ಇದ್ದೀರಿ. ಭತ್ತದ ಇಳುವರಿ, ಹಸುವಿನ ಹಾಲು ಇವುಗಳ ಹೆರಿಟಬಿಲಿಟಿಯನ್ನು ರೈತರಿಗೆ ಕನ್ನಡದಲ್ಲಿ ಹೇಳುವಾಗ ಯಾವ ಪದ ಬಳಸುತ್ತೀರಿ? ಎಆರ್‌ಟಿ ಕೇಂದ್ರಗಳ (ಎಚ್‌ಐವಿ ಚಿಕಿತ್ಸಾ ಕೇಂದ್ರಗಳ) ಆಪ್ತ ಸಮಾಲೋಚಕರು ಯಾರಾದರೂ ಇದ್ದರೆ, ‘ತಳಿಯ ಪಾಲು’ ಎಂಬುದು ನಿಮ್ಮಲ್ಲಿಗೆ ಬರುವವರಿಗೆ ಹೇಗೆ ಕೇಳಿಸೀತು ಎಂದೂ ತಿಳಿಸಿ.